‘ಯಾವ ಗಾಡಿ?’ ಎಂದು ಕೇಳದ ಏಜೆನ್ಸಿಗೆ ಪಾಸ್‌ಪೋರ್ಟ್ ಕೊಡಬೇಡಿ

ವಿಜಯಪುರ, ಕಲಬುರಗಿ, ರಾಯಚೂರು ಕಡೆಯಿಂದ ಮುಂಬೈಗೆ ಬಂದು ಗಲ್ಫ್‌ನ ಆಯಿಲ್ ಫೀಲ್ಡ್‌ನಲ್ಲಿ ಲಾರಿ ಕೆಲಸ ಹುಡುಕುವ ಚಾಲಕರಿದ್ದಾರೆ. ಕಳಂಬೋಲಿ, ವಡಾಲಾ, ನ್ಹಾವಾ ಶೇವಾ ಕಡೆ ಈಗಾಗಲೇ ಟ್ರೇಲರ್ ಓಡಿಸುತ್ತ ಒಳ್ಳೆಯ ಅವಕಾಶಕ್ಕೆ ಕಾಯುತ್ತಿರುವ ನಮ್ಮವರೂ ಇದ್ದಾರೆ. ಇವರಲ್ಲಿ ಹೆಚ್ಚಿನವರು ದಾಟಬೇಕಾದ ಬಾಗಿಲು ಒಂದೇ, ಮುಂಬೈನ ರಿಕ್ರೂಟಿಂಗ್ ಏಜೆನ್ಸಿ. ಈ ವಿಮರ್ಶೆ ಆ ಸೇವೆಯದು: ಆಫೀಸು, ಟ್ರೇಡ್ ಟೆಸ್ಟ್ (ಗಾಡಿ ಓಡಿಸುವ ಪರೀಕ್ಷೆ), ಮೆಡಿಕಲ್, ಕಾಗದಪತ್ರ, ಹಣ. ಒಂದೊಂದೇ ಏಜೆನ್ಸಿಗೆ ಅಂಕ ಹಾಕುವ ಬದಲು, ಯಾರೇ ಆಗಲಿ ಅವರನ್ನು ಅಳೆಯುವ ಕೋಲನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲು ಒಂದು ತಪ್ಪು ಕಲ್ಪನೆ: ಆಯಿಲ್ ಫೀಲ್ಡಿನ ಲಾರಿ ಕೆಲಸ ಮುಂಬೈನಲ್ಲೇ ಸಿಗುತ್ತದೆ ಎಂಬುದು. ಮುಂಬೈಗೆ ತನ್ನದೇ ತೈಲವಿದೆ, 1974ರಲ್ಲಿ ಸಿಕ್ಕ ಬಾಂಬೆ ಹೈ ನಿಕ್ಷೇಪ. ಆದರೆ ಅದು ಸಮುದ್ರದೊಳಗೆ. ಅಲ್ಲಿಗೆ ಸಾಮಾನು ಹೋಗುವುದು ಹಡಗಿನಲ್ಲಿ, ಲಾರಿಗೆ ಸಿಗುವುದು ದಡದ ಕೆಲಸ ಮಾತ್ರ: ನ್ಹಾವಾದ ಓಎನ್‌ಜಿಸಿ ಸಪ್ಲೈ ಬೇಸ್‌ಗೆ ಪೈಪು, ರಾಸಾಯನಿಕ ಸಾಗಿಸುವುದು, ಮಾಹುಲ್‌ನ ರಿಫೈನರಿಗಳಿಂದ ಪೆಟ್ರೋಲ್-ಡೀಸೆಲ್ ಟ್ಯಾಂಕರ್ ಓಡಿಸುವುದು. ನೆಲದ ಮೇಲಿನ ಫೀಲ್ಡ್ ಬೇಕೆಂದರೆ ನಮ್ಮ ದೇಶದಲ್ಲಿ ರಾಜಸ್ಥಾನದ ಬಾರ್ಮೇರ್, ಗುಜರಾತಿನ ಅಂಕಲೇಶ್ವರ, ಮೆಹ್ಸಾಣಾ, ಅಸ್ಸಾಮಿನ ದುಲಿಯಾಜಾನ್. ಹೆಚ್ಚು ಸಂಬಳದ ಆಸೆಯಿಂದ ಜನ ನೋಡುವುದು ಓಮನ್‌ನ ಫಹೂದ್, ಮರ್ಮೂಲ್, ಕುವೈತ್‌ನ ಬುರ್ಗಾನ್, ಸೌದಿಯ ಘವಾರ್, ಶೇಬಾ ಕಡೆಗೆ.

ಜಾಹೀರಾತಿನಲ್ಲಿ ಅರಾಮ್ಕೊ (ಸೌದಿ), ಪಿಡಿಓ (ಓಮನ್), ಕೆಓಸಿ (ಕುವೈತ್) ಎಂಬ ತೈಲ ಕಂಪನಿಗಳ ಹೆಸರು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಆ ಕಂಪನಿಗಳು ಫೀಲ್ಡಿನ ಒಡೆಯರು. ಲಾರಿ ಚಾಲಕನಿಗೆ ಸಂಬಳ ಕೊಡುವವನು ಸಾಮಾನ್ಯವಾಗಿ ಅವರ ಕೆಳಗಿನ ಸಾರಿಗೆ ಅಥವಾ ರಿಗ್ (ಬಾವಿ ಕೊರೆಯುವ ಯಂತ್ರ) ಸಾಗಿಸುವ ಗುತ್ತಿಗೆದಾರ. ಆದ್ದರಿಂದ ಏಜೆನ್ಸಿಯ ಮೇಜಿನ ಮುಂದೆ ಕೂತಾಗ ಕೇಳಬೇಕಾದ್ದು ಇಷ್ಟು: ವೀಸಾ ಯಾವ ಕಂಪನಿಯ ಹೆಸರಲ್ಲಿ ಬರುತ್ತದೆ? ಗಾಡಿ ಯಾವುದು? ಕ್ಯಾಂಪ್ ಎಲ್ಲಿ? ಉತ್ತರ ‘ಹೆವಿ ಡ್ರೈವರ್, ಆಯಿಲ್ ಕಂಪನಿ, ಊಟ-ವಸತಿ ಫ್ರೀ’ ಎಂಬಲ್ಲಿಗೇ ನಿಂತರೆ ಅವರ ಕೈಯಲ್ಲಿ ಕೆಲಸವಿಲ್ಲ ಎಂದೇ ತಿಳಿಯಬೇಕು. ಕೆಲಸವಿದ್ದರೆ ಡಿಮ್ಯಾಂಡ್ ಲೆಟರ್ ಇರುತ್ತದೆ. ಕಂಪನಿಯ ಲೆಟರ್‌ಹೆಡ್ ಮೇಲೆ ಎಷ್ಟು ಜನ, ಯಾವ ಹುದ್ದೆ, ಎಷ್ಟು ಮೂಲ ವೇತನ, ಎಷ್ಟು ಗಂಟೆ, ಎಷ್ಟು ವರ್ಷದ ಕರಾರು ಎಂದು ಬರೆದ ಕಾಗದ ಅದು. ಒಳ್ಳೆಯ ಏಜೆನ್ಸಿ ಅದನ್ನು ಮುಂದಿಟ್ಟು ತೋರಿಸುತ್ತದೆ. ‘ಅದು ಕಾನ್ಫಿಡೆನ್ಶಿಯಲ್’ ಎನ್ನುವವರ ಆಫೀಸಿನಲ್ಲಿ ಎರಡನೇ ಸಲ ಕೂರುವ ಅಗತ್ಯವಿಲ್ಲ.

ಗಾಡಿ ಯಾವುದು ಎಂಬ ಪ್ರಶ್ನೆಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಆಯಿಲ್ ಫೀಲ್ಡ್ ಲಾರಿ ಎಂದರೆ ಒಂದೇ ಗಾಡಿಯಲ್ಲ. ನೀರಿನ ಟ್ಯಾಂಕರ್ ಬೇರೆ, ಕಚ್ಚಾತೈಲದ ಟ್ಯಾಂಕರ್ ಬೇರೆ, ಕೆಸರು-ಕೊಳೆ ಹೀರುವ ವ್ಯಾಕ್ಯೂಮ್ ಟ್ಯಾಂಕರ್ ಬೇರೆ. ಪೈಪು ಹೊರುವ ಫ್ಲ್ಯಾಟ್‌ಬೆಡ್, ಡೋಜರ್ ಹೊರುವ ಲೋ-ಬೆಡ್, ರಿಗ್ಗಿನ ತುಂಡುಗಳನ್ನು ಎಳೆದು ಹಿಂದಿನ ರೋಲರ್ ಮೇಲೆ ಹತ್ತಿಸಿಕೊಳ್ಳುವ ವಿಂಚ್ ಲಾರಿ, ಇವೆಲ್ಲ ಬೇರೆ ಬೇರೆ ಕೈಗೆಲಸ. ಹತ್ತು ವರ್ಷ ಕಂಟೇನರ್ ಟ್ರೇಲರ್ ಓಡಿಸಿದವನಿಗೂ ಅರ್ಧ ತುಂಬಿದ ಟ್ಯಾಂಕರ್ ಹೊಸದೇ. ಬ್ರೇಕ್ ಹಾಕಿದ ಮೇಲೆ ಒಳಗಿನ ದ್ರವ ಮುಂದಕ್ಕೆ ಬಂದು ಗಾಡಿಯನ್ನು ತಳ್ಳುತ್ತದೆ, ತಿರುವಿನಲ್ಲಿ ಒಂದು ಪಕ್ಕಕ್ಕೆ ಏರಿ ಮಗುಚುತ್ತದೆ. ಪೂರ್ತಿ ತುಂಬಿದ್ದಕ್ಕಿಂತ ಅರ್ಧ ತುಂಬಿದ್ದೇ ಹೆಚ್ಚು ಕಾಡುತ್ತದೆ. ವಿಂಚ್ ಕೆಲಸದಲ್ಲಿ ಬಿಗಿದ ವೈರ್ ರೋಪಿನ ನೇರದಲ್ಲಿ ಯಾರೂ ನಿಲ್ಲಬಾರದು, ತುಂಡಾದರೆ ಅದು ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ. ಇದರಲ್ಲಿ ನಿಮಗೆ ಯಾವುದು ಗೊತ್ತು ಎಂದು ಕೇಳದೆ ಬಯೋಡೇಟಾ ತೆಗೆದುಕೊಳ್ಳುವ ಏಜೆನ್ಸಿ ಅಲ್ಲಿಗೆ ಹೋದ ಮೇಲೆ ನಿಮ್ಮನ್ನು ಯಾವ ಗಾಡಿಗೆ ಬೇಕಾದರೂ ಹತ್ತಿಸಿಬಿಡುತ್ತದೆ.

ಏಜೆನ್ಸಿಯ ಲೈಸನ್ಸ್ ನಂಬರ್ ಪರೀಕ್ಷಿಸುವ ವಿಷಯದಲ್ಲಿ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ಗೆ ಪೂರ್ತಿ ಅಂಕ ಕೊಡಬಹುದು. 1983ರ ಎಮಿಗ್ರೇಷನ್ ಕಾಯ್ದೆಯಂತೆ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವರು ನೋಂದಾಯಿತ ಏಜೆಂಟರಾಗಿರಬೇಕು. ಅವರ ನಂಬರ್‌ನಲ್ಲಿ ಊರಿನ ಸಂಕೇತವೂ ಇರುತ್ತದೆ, ಮುಂಬೈನವರದಾದರೆ ‘ಎಂಯುಎಂ’. ಪೋರ್ಟಲ್‌ನಲ್ಲಿ ಹುಡುಕಿದಾಗ ಹೆಸರು, ವಿಳಾಸ, ಲೈಸನ್ಸ್ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ, ಅವಧಿ ಮುಗಿದಿದೆಯೇ ಎಂಬುದು ಕಾಣುತ್ತದೆ. ನೋಂದಣಿ ಇಲ್ಲದ ಏಜೆಂಟರ ಪಟ್ಟಿಯೂ ಅಲ್ಲೇ ಇದೆ. ನಂಬರ್ ಇದ್ದರಷ್ಟೇ ಸಾಲದು, ವಿಳಾಸವೂ ಹೊಂದಬೇಕು. ಜಾಹೀರಾತಿನಲ್ಲಿ ಒಬ್ಬರ ನಂಬರ್ ಹಾಕಿ, ಸಂದರ್ಶನವನ್ನು ಇನ್ನೆಲ್ಲೋ ಲಾಡ್ಜಿನ ಕೋಣೆಯಲ್ಲಿ ನಡೆಸುವುದು ಹಳೇ ಚಾಳಿ. ಅನುಮಾನ ಬಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ವಿದೇಶ ಭವನದಲ್ಲಿ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ (ವಿದೇಶಕ್ಕೆ ಕೆಲಸಕ್ಕೆ ಹೋಗುವವರ ಹಿತ ನೋಡುವ ಸರ್ಕಾರಿ ಅಧಿಕಾರಿ) ಕಚೇರಿ ಇದೆ, ಹೋಗಿ ಕೇಳಬಹುದು. ಊರಲ್ಲಿರುವ ‘ನಮ್ಮ ಹುಡುಗ’ ಎಂಬ ಮಧ್ಯವರ್ತಿಗೆ ಮಾತ್ರ ಈ ವ್ಯವಸ್ಥೆಯಲ್ಲಿ ಯಾವ ಸ್ಥಾನವೂ ಇಲ್ಲ. ಅವನಿಗೆ ಕೊಟ್ಟ ಹಣಕ್ಕೆ ರಸೀದಿ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ.

ಇನ್ನು ಟ್ರೇಡ್ ಟೆಸ್ಟ್. ಇಡೀ ಸೇವೆಯಲ್ಲಿ ಚಾಲಕನ ಕೈಯಲ್ಲೇ ಇರುವ ಭಾಗ ಇದೊಂದೇ, ಆದರೂ ತಯಾರಿ ಇಲ್ಲದೆ ಹೋಗುವವರೇ ಹೆಚ್ಚು.

ಚೆನ್ನಾಗಿ ನಡೆಯುವ ಯಾರ್ಡ್‌ನಲ್ಲಿ ನೋಡುವುದು ಮೂರು ಸಂಗತಿ. ಮೊದಲನೆಯದು ಗಾಡಿಯ ಸುತ್ತ ಒಂದು ಸುತ್ತು. ಎಂಜಿನ್ ಆಯಿಲ್, ಕೂಲಂಟ್, ನೆಲದ ಮೇಲೆ ಸೋರಿಕೆಯ ಕಲೆ, ಟೈರಿನ ಪಕ್ಕದ ಸೀಳು, ಎರಡು ಟೈರಿನ ನಡುವೆ ಸಿಕ್ಕಿಕೊಂಡ ಕಲ್ಲು, ಸಡಿಲವಾದ ನಟ್ಟಿನ ಸುತ್ತ ತುಕ್ಕಿನ ಗೆರೆ, ಲೈಟು, ಏರ್ ಟ್ಯಾಂಕಿನ ನೀರು. ಪರೀಕ್ಷಕ ಸುಮ್ಮನೆ ಹಿಂದೆ ನಡೆಯುತ್ತಾನೆ. ಏನನ್ನು ನೋಡುತ್ತಿದ್ದೀರೋ ಅದನ್ನು ಬಾಯಿಬಿಟ್ಟು ಹೇಳಬೇಕು. ಮೌನವಾಗಿ ನೋಡಿದರೆ ನೋಡಲಿಲ್ಲ ಎಂದೇ ಬರೆದುಕೊಳ್ಳುತ್ತಾನೆ.

ಎರಡನೆಯದು ಟ್ರೇಲರ್ ಜೋಡಿಸುವುದು. ಗಾಡಿಯನ್ನು ಟ್ರೇಲರ್‌ನ ನೇರಕ್ಕೆ ತಂದು, ಮುಟ್ಟುವ ಮೊದಲೇ ನಿಲ್ಲಿಸಿ, ಇಳಿದು ಎತ್ತರ ನೋಡಬೇಕು. ಟ್ರೇಲರ್‌ನ ತಟ್ಟೆ ಫಿಫ್ತ್ ವೀಲ್‌ಗಿಂತ (ಎಳೆಯುವ ಗಾಡಿಯ ಹಿಂದಿನ ಜೋಡಣೆ ತಟ್ಟೆ) ತುಸುವೇ ಕೆಳಗಿರಬೇಕು, ಆಗ ಅದು ಜಾರಿಕೊಂಡು ಮೇಲೇರುತ್ತದೆ. ಎತ್ತರ ಹೆಚ್ಚಿದ್ದರೆ ಕಿಂಗ್‌ಪಿನ್ (ಟ್ರೇಲರ್ ತಟ್ಟೆಯ ಕೆಳಗಿನ ಗೂಟ) ಫಿಫ್ತ್ ವೀಲ್‌ನ ದವಡೆಯೊಳಗೆ ಕೂರದೆ ಮೇಲೆಯೇ ನಿಲ್ಲುತ್ತದೆ. ನೋಡುವುದಕ್ಕೆ ಜೋಡಿಸಿದಂತೆಯೇ ಇರುತ್ತದೆ, ಮೊದಲ ತಿರುವಿನಲ್ಲಿ ಟ್ರೇಲರ್ ಕಳಚಿ ಬೀಳುತ್ತದೆ. ಆದ್ದರಿಂದ ಹಿಂದಕ್ಕೆ ಹೋಗಿ ಲಾಕ್ ಬಿದ್ದ ಸದ್ದು ಕೇಳಿದ ಮೇಲೆ, ಟ್ರೇಲರ್ ಬ್ರೇಕ್ ಹಿಡಿದೇ ಇರುವಾಗ, ಸಣ್ಣ ಗೇರ್‌ನಲ್ಲಿ ಮುಂದಕ್ಕೆ ಒಮ್ಮೆ ಜಗ್ಗಿ ನೋಡಬೇಕು. ಆಮೇಲೆ ಎಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ದವಡೆ ಕಿಂಗ್‌ಪಿನ್ನಿನ ಕುತ್ತಿಗೆಯನ್ನು ಕಚ್ಚಿದೆಯೇ, ತಟ್ಟೆಗಳ ನಡುವೆ ಸಂದು ಇದೆಯೇ ನೋಡಬೇಕು. ನಂತರ ಏರ್ ಪೈಪು: ಕೆಂಪು ಸಪ್ಲೈ (ಟ್ರೇಲರ್‌ಗೆ ಗಾಳಿ ತುಂಬುವುದು), ಹಳದಿ ಅಥವಾ ನೀಲಿ ಸರ್ವೀಸ್ (ಬ್ರೇಕ್ ಒತ್ತಿದಾಗ ಕೆಲಸ ಮಾಡುವುದು). ಅದಲು ಬದಲಾದರೆ ಟ್ರೇಲರ್ ಬ್ರೇಕ್ ಬಿಡುವುದೇ ಇಲ್ಲ. ಕರೆಂಟ್ ಕೇಬಲ್, ಲ್ಯಾಂಡಿಂಗ್ ಲೆಗ್ (ಬಿಡಿಸಿದಾಗ ಟ್ರೇಲರ್ ನಿಲ್ಲುವ ಕಾಲು) ಪೂರ್ತಿ ಮೇಲಕ್ಕೆ, ಹ್ಯಾಂಡಲ್ ಅದರ ಜಾಗಕ್ಕೆ. ಬಿಡಿಸುವಾಗ ಇದೇ ಕ್ರಮ ತಿರುವುಮುರುವು, ಮೊದಲು ಲೆಗ್ ಇಳಿಸಿ ಕೊನೆಗೆ ಲಾಕ್ ಎಳೆಯುವುದು. ಇನ್ನೊಂದು ಸೂಕ್ಷ್ಮವಿದೆ. ಕಿಂಗ್‌ಪಿನ್ ಎರಡು ಅಳತೆಯದು, 2 ಇಂಚು ಮತ್ತು 3.5 ಇಂಚು. ಭಾರಿ ಲೋ-ಬೆಡ್‌ಗಳಲ್ಲಿ ದೊಡ್ಡದು ಇರುತ್ತದೆ. ಇದನ್ನು ನೀವಾಗಿಯೇ ಹೇಳಿದರೆ ಪರೀಕ್ಷಕ ನಿಮ್ಮ ಕಡೆ ತಿರುಗಿ ನೋಡುತ್ತಾನೆ.

ಮೂರನೆಯದು ರಿವರ್ಸ್. ಕೈಯನ್ನು ಸ್ಟೀರಿಂಗಿನ ತಳದಲ್ಲಿ ಹಿಡಿಯಿರಿ. ಆಗ ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಬಾಲವೂ ಆ ಕಡೆಗೇ ಹೋಗುತ್ತದೆ. ಟ್ರೇಲರ್ ಮಡಿಚಿಕೊಳ್ಳುವುದು ಬಹುಮಟ್ಟಿಗೆ ತಡವಾಗಿ ತಿರುಗಿಸಿ, ಆಮೇಲೆ ಜಾಸ್ತಿ ತಿರುಗಿಸಿದಾಗ. ಎರಡನೇ ಸಲ ಮುಂದಕ್ಕೆ ತಂದು ಸರಿಮಾಡಿಕೊಳ್ಳುವುದಕ್ಕೆ ಅಳುಕಬೇಡಿ. ಇಳಿದು ನೋಡಿ ಬಂದವನನ್ನು ಫೀಲ್ಡಿನವರು ಮೆಚ್ಚುತ್ತಾರೆ, ಒಂದೇ ಏಟಿಗೆ ಹಾಕಲು ಹೋಗಿ ಕಂಬಕ್ಕೆ ತಾಗಿಸಿದವನನ್ನಲ್ಲ.

ಇಲ್ಲಿನ ಟೆಸ್ಟಿನ ದೊಡ್ಡ ಕೊರತೆ ಗಾಡಿಯದು. ನಮ್ಮಲ್ಲಿ ಸ್ಟೀರಿಂಗ್ ಬಲಕ್ಕೆ, ಗಲ್ಫ್‌ನಲ್ಲಿ ಎಡಕ್ಕೆ, ಗಾಡಿ ಓಡುವುದು ರಸ್ತೆಯ ಬಲಭಾಗದಲ್ಲಿ. ಟಾಟಾ ಅಥವಾ ಲೇಲ್ಯಾಂಡ್ ಮೇಲೆ ಪಾಸಾದವನ ಮುಂದೆ ಅಲ್ಲಿ ಉದ್ದ ಮೂತಿಯ ಕೆನ್‌ವರ್ತ್ ನಿಂತಿರಬಹುದು. ಅದರಲ್ಲಿ ಈಟನ್ ಫುಲ್ಲರ್‌ನ ಸಿಂಕ್ರೊ (ಗೇರ್‌ಗಳ ವೇಗವನ್ನು ತಾನೇ ಹೊಂದಿಸುವ ಭಾಗ) ಇಲ್ಲದ ಗೇರ್‌ಬಾಕ್ಸ್ ಇದ್ದರೆ ಡಬಲ್ ಕ್ಲಚ್ ಮಾಡಬೇಕು: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಎಂಜಿನ್ ವೇಗ ಹೊಂದಿಸಿ, ಮತ್ತೆ ಕ್ಲಚ್ ಒತ್ತಿ ಮುಂದಿನ ಗೇರ್. ನಮ್ಮ ಹಳೆಯ ಚಾಲಕರಿಗೆ ಇದು ಕೈಯಲ್ಲೇ ಇದೆ, ಹೊಸಬರಿಗೆ ಗೇರ್ ಕಿರುಗುಟ್ಟುತ್ತದೆ. ಎಡ ಸ್ಟೀರಿಂಗಿನ ಗಾಡಿ ಇಟ್ಟುಕೊಂಡ ಯಾರ್ಡ್ ಸಿಕ್ಕರೆ ಅಲ್ಲಿ ಅರ್ಧ ದಿನ ಅಭ್ಯಾಸಕ್ಕೆ ಕೊಟ್ಟ ಹಣ ಸಾರ್ಥಕ. ಕಂಪನಿಯವರು ಎದುರಿಗಿಲ್ಲದೆ, ಹತ್ತು ನಿಮಿಷ ಮೈದಾನ ಸುತ್ತಿಸಿ ವಿಡಿಯೋ ತೆಗೆದು ‘ಸೆಲೆಕ್ಟ್ ಆಯ್ತು’ ಎನ್ನುವ ಟೆಸ್ಟಿಗೆ ಶುಲ್ಕ ಕೇಳಿದರೆ ಕೊಡಬೇಡಿ.

ಕಾಗದಪತ್ರದಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಲೈಸನ್ಸ್ ಮೇಲೆ ಇನಿಷಿಯಲ್ ಜೊತೆ ‘ಬಸವರಾಜ ಎಸ್.’ ಎಂದಿದ್ದು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಮನೆತನದ ಹೆಸರು ಬಿಡಿಸಿ ಬರೆದಿದ್ದರೆ ಕಂಪನಿಯ ಕಣ್ಣಿಗೆ ಅವರು ಇಬ್ಬರು. ಅನುಭವ ಪತ್ರದಲ್ಲಿ ಮೂರನೆಯ ರೂಪ ಬೇರೆ. ಮುಂಬೈಗೆ ಹೊರಡುವ ಮೊದಲೇ ಆರ್‌ಟಿಓದಲ್ಲಿ ಲೈಸನ್ಸ್ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದಿಸಿ. ಎರಡನೆಯ ತೊಡಕು ತಾರೀಕು. ನವೀಕರಿಸಿದ ಕಾರ್ಡಿನಲ್ಲಿ ಹೊಸ ದಿನಾಂಕವೇ ಮೊದಲು ಕಣ್ಣಿಗೆ ಬೀಳುವುದರಿಂದ ಹದಿನೈದು ವರ್ಷದ ಹೆವಿ ಅನುಭವ ಎರಡು ವರ್ಷದಂತೆ ಕಾಣಬಹುದು. ಆರ್‌ಟಿಓದಿಂದ ಲೈಸನ್ಸ್ ಎಕ್ಸ್‌ಟ್ರ್ಯಾಕ್ಟ್ ತಂದಿಟ್ಟುಕೊಂಡರೆ ಮೊದಲ ಸಲ ಹೆವಿ ಸಿಕ್ಕ ದಿನ ಅದರಲ್ಲಿ ಬರುತ್ತದೆ. ಟ್ಯಾಂಕರ್ ಕೆಲಸ ಬಯಸುವವರಿಗೆ ಅಪಾಯಕಾರಿ ಸರಕಿನ ನಮೂದು ದೊಡ್ಡ ಆಸ್ತಿ. ಕೇಂದ್ರ ಮೋಟಾರು ವಾಹನ ನಿಯಮ 9ರಂತೆ ಅದಕ್ಕೆ 3 ದಿನದ ತರಬೇತಿ. 2019ರ ತಿದ್ದುಪಡಿಯ ನಂತರ ಅದರ ಅವಧಿ 3 ವರ್ಷ, ಸಾರಿಗೆ ವಾಹನದ ಲೈಸನ್ಸ್ ಅವಧಿ 5 ವರ್ಷ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಡುತ್ತೇವೆ ಎಂದು ಸಾವಿರಗಟ್ಟಲೆ ಕೇಳುವ ಏಜೆನ್ಸಿಗಳಿವೆ. ಆರ್‌ಟಿಓದಲ್ಲಿ ಅದರ ಶುಲ್ಕ 1,000 ರೂಪಾಯಿ, ಅವಧಿ 1 ವರ್ಷ, ಉಪಯೋಗ ಪ್ರವಾಸಕ್ಕೆ ಹೋದವರಿಗೆ. ಅಲ್ಲಿ ಉದ್ಯೋಗಕ್ಕೆ ಲಾರಿ ಓಡಿಸಲು ಆ ದೇಶದ ಹೆವಿ ಲೈಸನ್ಸೇ ಬೇಕು. ಆದ್ದರಿಂದ ಕರಾರಿನಲ್ಲಿ ನೋಡಬೇಕಾದ ಸಾಲು ಇದು: ಅಲ್ಲಿನ ಲೈಸನ್ಸ್ ಖರ್ಚು ಯಾರದು, ಟೆಸ್ಟ್ ಫೇಲಾದರೆ ಎಷ್ಟು ಅವಕಾಶ, ಲೈಸನ್ಸ್ ಬರುವತನಕ ಸಂಬಳ ಎಷ್ಟು? ಹಲವರು ತಿಂಗಳುಗಟ್ಟಲೆ ಹೆಲ್ಪರ್ ಸಂಬಳದಲ್ಲಿ ಕೂರುವುದು ಈ ಸಾಲು ಇಲ್ಲದೆ ಹೋದದ್ದಕ್ಕೆ.

ಮೆಡಿಕಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಲ್ಫ್‌ಗೆ ಹೋಗುವವರ ವೈದ್ಯಕೀಯ ಪರೀಕ್ಷೆಯ ವ್ಯವಸ್ಥೆ, ಹಿಂದೆ ಗಾಮ್ಕಾ ಎನ್ನುತ್ತಿದ್ದದ್ದು, ಈಗ ವಾಫಿದ್, ಬುಕಿಂಗ್ ಆನ್‌ಲೈನ್‌ನಲ್ಲಿ. ಎದೆಯ ಎಕ್ಸ್‌ರೇನಲ್ಲಿ ಹಳೇ ಕ್ಷಯದ ಕಲೆ ಕಂಡರೂ ‘ಅನ್‌ಫಿಟ್’ ಆಗುವ ಸಂಭವವಿದೆ. ಅದಕ್ಕೇ ಊರಲ್ಲೇ ಒಂದು ಎಕ್ಸ್‌ರೇ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಕಣ್ಣಿನ ಬಣ್ಣ ಪರೀಕ್ಷೆ ಮಾಡಿಸಿಕೊಂಡು ಹೊರಟರೆ ಮುಂಬೈನ ಖರ್ಚು, ಓಡಾಟ ಎರಡೂ ಉಳಿಯುತ್ತವೆ. ಡಿಮ್ಯಾಂಡ್ ಲೆಟರ್ ತೋರಿಸುವ ಮೊದಲೇ ಮೆಡಿಕಲ್‌ಗೆ ಓಡಿಸುವ ಏಜೆನ್ಸಿಯಿಂದ ದೂರವಿರಿ. ವೀಸಾ ಬರುವಷ್ಟರಲ್ಲಿ ಆ ರಿಪೋರ್ಟಿನ ಅವಧಿ ಮುಗಿದು ಮತ್ತೊಮ್ಮೆ ಹಣ ಕಟ್ಟಿಸುತ್ತಾರೆ.

ಹಣದ ವಿಷಯ ಸ್ಪಷ್ಟ. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 35,400. ಇದಕ್ಕೆ ರಸೀದಿ ಕೊಡಲೇಬೇಕು. ವೀಸಾ ಕೈಗೆ ಬಂದು, ನಕಲು ನೋಡಿದ ಮೇಲೆ, ಬ್ಯಾಂಕ್ ಮೂಲಕ ಕಟ್ಟಿ. ಲಕ್ಷ, ಒಂದೂವರೆ ಲಕ್ಷ ಎಂಬ ಮಾತು ಬಂದಲ್ಲಿ ‘ಇಷ್ಟಕ್ಕೆ ರಸೀದಿ ಬರೆಯುತ್ತೀರಾ?’ ಎಂದು ಕೇಳಿ. ಬರೆಯುವುದಿಲ್ಲ. ಹಸು ಮಾರಿ, ಹೊಲ ಒತ್ತೆ ಇಟ್ಟು ತಂದ ಹಣ ಹೀಗೆ ಕಾಗದವಿಲ್ಲದೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವೀಸಾ ಸ್ಟಾಂಪಿಂಗ್‌ಗೆ ಪಾಸ್‌ಪೋರ್ಟ್ ಕೊಡಲೇಬೇಕಾದಾಗಲೂ ಲೆಟರ್‌ಹೆಡ್ ಮೇಲೆ ತಾರೀಕು, ಸಹಿಯ ಸಮೇತ ಸ್ವೀಕೃತಿ ತೆಗೆದುಕೊಳ್ಳಿ.

ಸಂಬಳದ ಸಾಲನ್ನು ಓದುವಾಗ ಬಿಂದುವಿನ ಮೇಲೆ ಕಣ್ಣಿರಲಿ. ಓಮನ್ ರಿಯಾಲ್ ಮತ್ತು ಕುವೈತ್ ದಿನಾರ್‌ಗೆ ನೂರಲ್ಲ, ಸಾವಿರ ಚಿಲ್ಲರೆ: 1,000 ಬೈಸಾ, 1,000 ಫಿಲ್ಸ್. ಹಾಗಾಗಿ ಬಿಂದುವಿನ ಮುಂದೆ ಮೂರು ಸೊನ್ನೆ ಬರೆಯುತ್ತಾರೆ. ‘180.000’ ಎಂದರೆ ನೂರ ಎಂಬತ್ತು ರಿಯಾಲ್. ಅದನ್ನು ಒಂದು ಲಕ್ಷದ ಎಂಬತ್ತು ಸಾವಿರ ಎಂದು ಓದಿ ಹೇಳುವ ಏಜೆಂಟರಿಗೆ ಕಡಿಮೆಯಿಲ್ಲ. ಜೊತೆಗೆ ಮೂಲ ವೇತನ ಎಷ್ಟು, ಊಟದ ಭತ್ಯೆ ಎಷ್ಟು, ಓವರ್‌ಟೈಮ್ ಸೇರಿಸಿ ಹೇಳಿದ ಮೊತ್ತವೇ ಎಂದು ಬಿಡಿಸಿ ಕೇಳಿ. ಕೊನೆಗೆ ಸಿಗುವ ಗ್ರಾಚ್ಯುಟಿಯ ಲೆಕ್ಕ ಕೆಲವು ದೇಶಗಳಲ್ಲಿ ಮೂಲ ವೇತನದ ಮೇಲೆ ನಡೆಯುತ್ತದೆ, ಒಟ್ಟು ಮೊತ್ತದ ಮೇಲಲ್ಲ.

ಎಲ್ಲಕ್ಕಿಂತ ಕೆಟ್ಟ ಸೇವೆ ಎಂದರೆ ವಿಸಿಟ್ ವೀಸಾ. ‘ಈಗ ವಿಸಿಟ್‌ನಲ್ಲಿ ಹೋಗಿ, ಅಲ್ಲಿ ಬದಲಾಯಿಸುತ್ತಾರೆ’ ಎಂಬುದು ಎಮಿಗ್ರೇಷನ್ ಕ್ಲಿಯರೆನ್ಸ್ (ಕೆಲಸಕ್ಕೆ ವಿದೇಶಕ್ಕೆ ಹೊರಡುವ ಮೊದಲು ಪಡೆಯಬೇಕಾದ ಸರ್ಕಾರದ ಅನುಮತಿ) ತಪ್ಪಿಸುವ ದಾರಿ. ಎಸ್‌ಎಸ್‌ಎಲ್‌ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು, ಅಂದರೆ ಈ ಕ್ಲಿಯರೆನ್ಸ್ ಬೇಕಾದದ್ದು. ಸೌದಿ, ಓಮನ್, ಕುವೈತ್, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅಂಥವರಿಗೆ ಕ್ಲಿಯರೆನ್ಸ್ ಬೇಕು. ವಿಸಿಟ್ ವೀಸಾದಲ್ಲಿ ಹೊರಟವರನ್ನು ವಿಮಾನ ನಿಲ್ದಾಣದಲ್ಲೇ ಇಳಿಸಿಬಿಡಬಹುದು. ದಾಟಿ ಹೋದರೆ ಇನ್ನೂ ಕಷ್ಟ: ಆ ವೀಸಾದಲ್ಲಿ ಕೆಲಸ ಮಾಡುವುದೇ ಅಲ್ಲಿ ಅಪರಾಧ, ಅಪಘಾತವಾದರೆ ಕಂಪನಿ ‘ಇವನು ನಮ್ಮವನಲ್ಲ’ ಎನ್ನಬಹುದು. ಎಸ್‌ಎಸ್‌ಎಲ್‌ಸಿ ಪಾಸಾಗಿಯೂ ಇಸಿಆರ್ ಮುದ್ರೆ ಇದ್ದವರು ಅಂಕಪಟ್ಟಿ ಕೊಟ್ಟು ಪಾಸ್‌ಪೋರ್ಟ್ ಬದಲಾಯಿಸಿಕೊಳ್ಳಿ.

ಫೀಲ್ಡಿನಲ್ಲಿ ಏನು ಕಾದಿದೆ ಎಂಬುದನ್ನು ಹೇಳುವುದರಲ್ಲಿ ಮುಂಬೈ ಏಜೆನ್ಸಿಗಳು ಬಹುತೇಕ ಸೋಲುತ್ತವೆ. ಗಾಡಿಯಲ್ಲಿ ಐವಿಎಂಎಸ್ ಪೆಟ್ಟಿಗೆ ಇರುತ್ತದೆ. ವೇಗ, ಗಕ್ಕನೆ ಹಾಕಿದ ಬ್ರೇಕ್, ಸೀಟ್ ಬೆಲ್ಟ್ ಎಲ್ಲವನ್ನೂ ಅದು ಬರೆದುಕೊಳ್ಳುತ್ತದೆ. ಓಮನ್‌ನ ಪಿಡಿಓ ಫೀಲ್ಡ್‌ಗಳಲ್ಲಿ ಡಿಫೆನ್ಸಿವ್ ಡ್ರೈವಿಂಗ್ ಕೋರ್ಸ್ ಮುಗಿಸಿ ಪರ್ಮಿಟ್ ಪಡೆಯಬೇಕು. ಕೆಲವು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಗಾಳಿಗಿಂತ ಭಾರ, ತಗ್ಗಿನಲ್ಲಿ ಮಡುಗಟ್ಟುತ್ತದೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ದಾಟಿದರೆ ಮೂಗು ಸತ್ತಂತಾಗಿ ವಾಸನೆಯೇ ತಿಳಿಯುವುದಿಲ್ಲ, ವಾಸನೆ ಹೋಯಿತು ಎಂದರೆ ಅಪಾಯ ಹೋಯಿತು ಎಂದಲ್ಲ. ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ನೋಡಿ ಗಾಳಿ ಬರುವ ದಿಕ್ಕಿನತ್ತ, ಅನಿಲಕ್ಕೆ ಅಡ್ಡವಾಗಿ ಓಡಬೇಕು. ಬಿದ್ದವನನ್ನು ಎತ್ತಲು ಉಸಿರಾಟದ ಉಪಕರಣ ಇಲ್ಲದೆ ನುಗ್ಗಿದವರೂ ಅಲ್ಲೇ ಬೀಳುತ್ತಾರೆ. ಇನ್ನು ಸಬ್ಖಾ ಎಂಬ ಉಪ್ಪಿನ ಬಯಲು: ಮೇಲೆ ಗಟ್ಟಿ ಹಪ್ಪಳ, ಕೆಳಗೆ ಕೆಸರು. ಗುರುತು ಹಾಕಿದ ದಾರಿ ಬಿಟ್ಟು ನಾಲ್ಕು ಮೀಟರ್ ಹೋದರೂ ಲೋಡಿನ ಟ್ರೇಲರ್ ಆಕ್ಸಲ್‌ವರೆಗೆ ಇಳಿಯುತ್ತದೆ. ಹೊರಡುವ ಮೊದಲು ಸರ್ಕಾರ ನಡೆಸುವ ಒಂದು ದಿನದ ಉಚಿತ ಪಿಡಿಓಟಿ ತರಬೇತಿಯಲ್ಲಿ ಅಲ್ಲಿನ ಕಾನೂನು, ಹಕ್ಕು ಹೇಳಿಕೊಡುತ್ತಾರೆ, ತಪ್ಪಿಸಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ನಮ್ಮ ಅಭಿಪ್ರಾಯ: ನೋಂದಾಯಿತ ಏಜೆನ್ಸಿಯ ದಾರಿಯೇ ಸರಿ. ಡಿಮ್ಯಾಂಡ್ ಲೆಟರ್ ತೋರಿಸುವ, ಗಾಡಿಯ ಹೆಸರು ಹೇಳುವ, ಕಂಪನಿಯ ಪರೀಕ್ಷಕನನ್ನೇ ಯಾರ್ಡಿಗೆ ಕರೆಸುವ, 35,400ಕ್ಕೆ ರಸೀದಿ ಹರಿದುಕೊಡುವ ಆಫೀಸುಗಳು ಈ ಊರಲ್ಲಿವೆ. ಅವುಗಳಲ್ಲಿ ಕೆಲಸ ನಿಧಾನ, ಎರಡು-ಮೂರು ತಿಂಗಳು ಕಾಯಿಸಬಹುದು. ಕಾಯುವ ಹೊತ್ತಿನಲ್ಲಿ ನ್ಹಾವಾ, ಮಾಹುಲ್ ಕಡೆ ಟ್ಯಾಂಕರ್ ಅಥವಾ ಪೈಪಿನ ಲೋಡ್ ಓಡಿಸಿ ಅನುಭವ ಪತ್ರ ಮಾಡಿಕೊಂಡರೆ ಮುಂದಿನ ಸಂದರ್ಶನದಲ್ಲಿ ಅದಕ್ಕೆ ತೂಕವಿದೆ.

ವಿಮಾನ ಹತ್ತುವ ಹಿಂದಿನ ದಿನ ವೀಸಾದಲ್ಲಿರುವ ಹುದ್ದೆ, ಕಂಪನಿಯ ಹೆಸರು, ಕರಾರಿನ ಸಂಬಳ ಮೂರನ್ನೂ ಡಿಮ್ಯಾಂಡ್ ಲೆಟರ್ ಪಕ್ಕದಲ್ಲಿಟ್ಟು ಹೋಲಿಸಿ. ‘ಹೆವಿ ಡ್ರೈವರ್’ ಜಾಗದಲ್ಲಿ ‘ಲೇಬರ್’ ಎಂದಿದ್ದರೆ ಹತ್ತಬೇಡಿ. ಇಸಿಆರ್‌ನವರಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆ ಕಡ್ಡಾಯ. 2 ವರ್ಷಕ್ಕೆ 275, 3 ವರ್ಷಕ್ಕೆ 375 ರೂಪಾಯಿ ಮತ್ತು ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ಆ ಪಾಲಿಸಿ, ಕರಾರು, ವೀಸಾ, ಪಾಸ್‌ಪೋರ್ಟ್, ಹಣದ ರಸೀದಿ ಇಷ್ಟರ ನಕಲನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಯವರ ಕೈಗೆ ಕೊಡಿ. ಕವರಿನ ಮೇಲೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 1800 11 3090 ಅನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿಡಿ.